ಅರ್ಜಿಯ ಮೂಲೆಗೊಂದು ಫೋಟೋ

ಸ್ಟೇಷನ್ ರಸ್ತೆ, ವಿಜಾಪುರ
೧೮ ನವೆಂಬರ್ ೧೯೪೬

ಗೆಳೆಯ ರಸೂಲಸಾಬನಿಗೆ ಗುರಲಿಂಗನ ನಮಸ್ಕಾರ.

ನಿನ್ನ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ತಲೆಯ ಮೇಲೆ ಕೈಹೊತ್ತು ಕೂತೆ. ನಿನ್ನ ತಂಗಿ ಜುಲೇಖಾ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಅರ್ಜಿ ಹಾಕುತ್ತಾಳೆ, ಕಲಿತು ಬಂದು ತಿಕೋಟಾದ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರಾಗುತ್ತಾಳೆ ಎಂಬುದು ಸಿಹಿ ಸುದ್ದಿ. ಅದಕ್ಕೆ ನಿನ್ನ ತಾಯಿ ಮಾಬುಬಿಯಮ್ಮ ಒಪ್ಪಿದ್ದು ಇನ್ನೂ ಸಿಹಿ. ಆದರೆ ಅರ್ಜಿಯ ಮೂಲೆಯಲ್ಲಿ ಹುಡುಗಿಯ ಫೋಟೋ ಅಂಟಿಸಬೇಕು, ಆ ಫೋಟೋ ಹೊರಗಿನ ಗಂಡಸು ತೆಗೆಯಬಾರದು, ಹೊರಗಿನ ಗಂಡಸು ನೋಡಲೂಬಾರದು ಎಂದರೆ ಅದನ್ನು ದೇವರೇ ಬಂದು ತೆಗೆಯಬೇಕೇನು?

ದೇವರು ಬರುವ ಹಾಗೆ ಕಾಣುವುದಿಲ್ಲವಾದ್ದರಿಂದ ನೀನೇ ತೆಗೆ. ಅಥಣಿ ರಸ್ತೆಯ ಸರ್ವಿಸ್ ಮೋಟಾರಿನ ಡ್ರೈವರ್ ಗೈಬುಸಾಬನ ಕೈಯಲ್ಲಿ ನನ್ನ ಕ್ಯಾಮೆರಾ ಕಳಿಸಿದ್ದೇನೆ. ಒಳಗೆ ರೋಲು ಹಾಕಿದ್ದೇನೆ, ಎಂಟು ಫೋಟೋ ಬರುತ್ತವೆ. ಲಡಾಯಿ ಮುಗಿದು ವರ್ಷವಾದರೂ ರೋಲು ಸಿಗುತ್ತಿಲ್ಲ. ಸೊಲ್ಲಾಪುರದಿಂದ ತರಿಸಿದ ಮೂರು ನನ್ನಲ್ಲಿದ್ದವು, ಅದರಲ್ಲಿ ಇದೊಂದು. ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ಮೇಲಿನ ಗಾಜಿನ ಕಿಂಡಿಯಲ್ಲಿ ಬಗ್ಗಿ ನೋಡು. ಉಸಿರು ಬಿಗಿಹಿಡಿದು ಕೀಲಿ ಒತ್ತು. ಒಂದು ತೆಗೆದ ಮೇಲೆ ಹಿಂದಿನ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಬರುವವರೆಗೆ ತಿರುಪು ತಿರುವು. ಇಷ್ಟೇ. ಅಂಗಡಿಯಲ್ಲಿ ಬಟ್ಟೆ ಅಳೆಯುವುದಕ್ಕಿಂತ ಸುಲಭ.

ತೊಳೆಯುವುದು ನನಗಿರಲಿ. ತೊಳೆದಾಗ ಫಿಲ್ಮಿನಲ್ಲಿ ಕಾಣುವುದು ತಿರುಗುಮುರುಗಾದ ಬಣ್ಣ. ಮುಖ ಕರ್ರಗೆ, ಕೂದಲು ಬೆಳ್ಳಗೆ. ನನ್ನ ಒಡಹುಟ್ಟಿದವರದಾದರೂ ಗುರುತು ಸಿಗುವುದಿಲ್ಲ. ಅದನ್ನು ಕಾಗದದ ಮೇಲೆ ಮೂಡಿಸುವ ಕೆಲಸ ನೀನು ಮನೆಯಲ್ಲೇ ಬಿಸಿಲಿಗಿಟ್ಟು ಮಾಡಿಕೊ. ಹೀಗೆಂದು ಅಮ್ಮನಿಗೆ ತಿಳಿಸಿ ಹೇಳು. ಅರ್ಜಿ ಮುಟ್ಟಬೇಕಾದದ್ದು ಫೆಬ್ರುವರಿ ಇಪ್ಪತ್ತೆಂಟಕ್ಕೆ ಅಲ್ಲವೇ? ಮೂರು ತಿಂಗಳಿದೆ, ಅವಸರವಿಲ್ಲ.

ನೀನಿಲ್ಲದ ಕಾಲೇಜು ಬೇಸರ. ನಿಮ್ಮಪ್ಪ ತೀರಿಕೊಂಡು ನೀನು ಅಂಗಡಿ ಹಿಡಿಯದಿದ್ದರೆ ಈ ಲಾಜಿಕ್ ಪಾಠದಲ್ಲಿ ಇಬ್ಬರೂ ಕೂಡಿಯೇ ನಿದ್ದೆ ಮಾಡುತ್ತಿದ್ದೆವು.

ನಿನ್ನವ,
ಗುರಲಿಂಗ


ತಿಕೋಟಾ
೨ ಡಿಸೆಂಬರ್ ೧೯೪೬

ಪ್ರಿಯ ಗುರಲಿಂಗನಿಗೆ ರಸೂಲಸಾಬನ ಸಲಾಮು.

ಕ್ಯಾಮೆರಾ ಬಂತು. ನಿನ್ನ ಕರೀ ಮುಖದ ಮಾತನ್ನು ಅಮ್ಮನ ಮುಂದೆ ಇಟ್ಟೆ. ಎರಡು ದಿನ ವಿಚಾರ ಮಾಡಿದಳು. ಮೂರನೆಯ ದಿನ ಒಲೆಯ ಮುಂದೆ ಕೂತು, "ಕರೀ ಮಾರಿ ನೋಡಿದ್ರ ನೋಡಿದಂಗಲ್ಲ ಬಿಡು. ಆದ್ರ ಕಾಗದದ ಮ್ಯಾಲಿಂದು ಅಂವಾ ನೋಡಬಾರದು" ಎಂದಳು. ಅಲ್ಲಿ ಧಾರವಾಡದಲ್ಲಿ ಅರ್ಜಿ ನೋಡುವವರು ಹೆಂಗಸರು ಎಂದು ನಾನು ಆಣೆ ಮಾಡಿ ಹೇಳಬೇಕಾಯಿತು. ಅಳಿಯ ಅಲ್ಲ, ಮಗಳ ಗಂಡ ಎಂದು ನೀನು ನಗಬಹುದು. ನಮಗೆ ಒಪ್ಪಿಗೆ ಸಿಕ್ಕಿದ್ದೇ ದೊಡ್ಡದು.

ಪಡಸಾಲೆಯಲ್ಲಿ ಕೂರಿಸಿ ಎಂಟೂ ತೆಗೆದೆ. ಜುಲೇಖಾ ಅಲುಗಾಡಲಿಲ್ಲ, ನಾನೂ ಅಲುಗಾಡಲಿಲ್ಲ. ರೋಲನ್ನು ಗೈಬುಸಾಬನ ಕೈಗೆ ಕೊಟ್ಟಿದ್ದೇನೆ. ಬೇಗ ತೊಳೆದು ಕಳಿಸು. ತಂಗಿ ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ.

ನಿನ್ನ,
ರಸೂಲ


ವಿಜಾಪುರ
೯ ಡಿಸೆಂಬರ್ ೧೯೪೬

ರಸೂಲಾ,

ನಾನು ಕ್ಷೇಮವಾಗಿಲ್ಲ. ನೀನೂ ಸದ್ಯಕ್ಕೆ ಕ್ಷೇಮವಾಗಿರಬೇಕಾದ ಕಾರಣವಿಲ್ಲ.

ನನ್ನ ಕೋಣೆಯವನು ಶಿವಯೋಗೆಪ್ಪ, ಆ ಪುಣ್ಯಾತ್ಮ ಹಸಿವಾದಾಗಲೆಲ್ಲ ಉಪ್ಪಿನಕಾಯಿ ಭರಣಿ ಹುಡುಕುತ್ತ ಬಾಗಿಲು ನೂಕುತ್ತಾನೆ. ಅವನನ್ನು ಸಿನೇಮಾಕ್ಕೆ ಅಟ್ಟಿ, ಕಿಟಕಿಗೆ ಕಂಬಳಿ ಕಟ್ಟಿ, ಕಂದೀಲಿಗೆ ಕೆಂಪು ಕಾಗದ ಸುತ್ತಿ, ಬೆವರುತ್ತ ನಿನ್ನ ರೋಲು ತೊಳೆದೆ. ಏನು ಬಂತು ಗೊತ್ತೇ? ಏನೂ ಬರಲಿಲ್ಲ. ಎಂಟರಲ್ಲಿ ಏಳು ತೊಳೆದ ಗಾಜಿನ ಹಾಗೆ ಖಾಲಿ. ಒಂದರಲ್ಲಿ ಮಾತ್ರ ನಿಮ್ಮ ಪಡಸಾಲೆಯ ಬಾಗಿಲ ಸಂದಿಯ ಬೆಳಕು ಬಿದ್ದಿದೆ. ನಿಮ್ಮ ಬಾಗಿಲಿಗೆ ಟ್ರೇನಿಂಗ್ ಕಾಲೇಜಿನಲ್ಲಿ ಸೀಟು ಬೇಕಿದ್ದರೆ ಕಳಿಸುತ್ತೇನೆ.

ಬಿಸಿಲು ಬೇಕು ಮಾರಾಯಾ, ಬಿಸಿಲು! ಇದು ಡಬ್ಬಿ ಕ್ಯಾಮೆರಾ, ಇದಕ್ಕೆ ಕತ್ತಲೆಯಲ್ಲಿ ಕಣ್ಣಿಲ್ಲ. ವಿಜಾಪುರ ಜಿಲ್ಲೆಯಲ್ಲಿ ಬೇರೆ ಏನಿಲ್ಲದಿದ್ದರೂ ಬಿಸಿಲಿದೆ, ಅದೂ ನಿನಗೆ ಸಿಗಲಿಲ್ಲವೇ?

ತಪ್ಪು ನನ್ನದೂ ಇದೆ, ಬರೆಯುವುದು ಮರೆತೆ. ಆದರೂ ಹೊಟ್ಟೆ ಉರಿಯುತ್ತದೆ. ಎರಡನೆಯ ರೋಲು ಕಳಿಸಿದ್ದೇನೆ. ಉಳಿದದ್ದು ಒಂದೇ, ಅದನ್ನು ಕೇಳಬೇಡ. ಫೆಬ್ರುವರಿ ಇಪ್ಪತ್ತೆರಡಕ್ಕೆ ಕಾಲೇಜಿನ ವಾರ್ಷಿಕ ಗ್ಯಾದರಿಂಗ್, ಈ ಸಲ ಮೊದಲ ಬಾರಿಗೆ ಫೋಟೋ ಪ್ರದರ್ಶನ ಇಟ್ಟಿದ್ದಾರೆ. ಎಲ್ಲರೂ ಗುಮ್ಮಟ ತೆಗೆಯುತ್ತಾರೆ. ನಾನು ತಾಜಬಾವಡಿಯ ಮೆಟ್ಟಿಲ ಮೇಲೆ ಅರಿವೆ ಒಗೆಯುವವರನ್ನು ತೆಗೆಯಬೇಕೆಂದು ಮೂರು ತಿಂಗಳಿಂದ ಬೆಳಕು ನೋಡುತ್ತಿದ್ದೇನೆ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ" ಎಂದು ಬೈಯುವ ನಮ್ಮಪ್ಪನಿಗೆ ಗೋಡೆಯ ಮೇಲೆ ನನ್ನ ಹೆಸರು ತೋರಿಸುವುದಿದೆ.

ಗುರಲಿಂಗ


ತಿಕೋಟಾ
೧೧ ಜನವರಿ ೧೯೪೭

ಗುರಲಿಂಗಾ,

ಬಿಸಿಲು ಬೇಕು ಎಂದು ಬರೆಯುವುದು ಸುಲಭ. ನಮ್ಮ ಮನೆಯಲ್ಲಿ ಬಿಸಿಲು ಬೀಳುವುದು ಅಂಗಳಕ್ಕೆ. ಅಂಗಳ ಕಾಣುವುದು ಪಕ್ಕದ ಮೌಲಾಸಾಬನ ಮಾಳಿಗೆಗೆ. ಆ ಮಾಳಿಗೆಯ ಮೇಲೆ ಅವನ ನಾಲ್ಕು ಗಂಡುಮಕ್ಕಳು ಮೆಣಸಿನಕಾಯಿ ಒಣಗಿಸುತ್ತ ಇಡೀ ದಿನ ಇರುತ್ತಾರೆ. ಜಮಖಾನ ಕಟ್ಟಿದರೆ ಬಿಸಿಲೂ ಹೋಗುತ್ತದೆ.

ಕೊನೆಗೆ ಜುಲೇಖಾಳೇ ದಾರಿ ಹುಡುಕಿದಳು. ಶುಕ್ರವಾರ ಮಧ್ಯಾಹ್ನ ಓಣಿಯ ಗಂಡಸರೆಲ್ಲ ಮಸೀದಿಗೆ ಹೋಗಿರುತ್ತಾರೆ. ನಿನ್ನೆ ನಾನು ಹೊಟ್ಟೆನೋವೆಂದು ಹೇಳಿ ನಮಾಜಿಗೆ ಹೋಗದೆ ಮನೆಯಲ್ಲಿ ಉಳಿದು ಎಂಟೂ ತೆಗೆದೆ. ಅಮ್ಮ ಆಗಿನಿಂದ ನನ್ನೊಡನೆ ಮಾತಾಡಿಲ್ಲ. "ಸುಳ್ಳು ಹೇಳಿ ತಗದ ಫೋಟೋ ಬರತೈತೇನು?" ಎಂದು ಗೋಡೆಗೆ ಕೇಳುತ್ತಾಳೆ.

ಈ ಸಲ ಬರುತ್ತದೆ. ರೋಲು ಕಳಿಸಿದ್ದೇನೆ.

ರಸೂಲ


ವಿಜಾಪುರ
೧೬ ಜನವರಿ ೧೯೪೭

ರಸೂಲಸಾಬ,

ಮೊದಲಿನದು ಬೆಳ್ಳಗೆ ಖಾಲಿ, ಇದು ಕಪ್ಪಗೆ ಖಾಲಿ. ಉದ್ದಕ್ಕೂ ಡಾಂಬರು ಬಳಿದ ಹಾಗಿದೆ. ಹೀಗಾಗುವುದು ಒಂದೇ ಕಾರಣಕ್ಕೆ: ರೋಲನ್ನು ಯಾರೋ ಬಿಸಿಲಿನಲ್ಲಿ ಬಿಚ್ಚಿದ್ದಾರೆ. ನೀನು ಬಿಚ್ಚುವಷ್ಟು ದಡ್ಡನಲ್ಲ. ಗೈಬುಸಾಬ ಬಿಚ್ಚಿಲ್ಲ. ಸುತ್ತಿದ ಕಾಗದದ ತುದಿಗೆ ಜೋಳದ ಹಿಟ್ಟಿನ ಅಂಟು ಹಚ್ಚಿತ್ತು, ಗೈಬುಸಾಬ ಮೋಟಾರಿನಲ್ಲಿ ಹಿಟ್ಟು ಕುದಿಸುವುದಿಲ್ಲ. ಇನ್ನು ಯಾರೆಂದು ನೀನೇ ತಿಳಿದುಕೊ.

ಯಾಕೆ ಬಿಚ್ಚಿದ್ದು? ನನ್ನ ಮೇಲೆ ನಂಬಿಕೆ ಇಲ್ಲದ್ದಕ್ಕೆ. ಕರೀ ಮುಖ ನೋಡಲಿ ಎಂದು ಬಾಯಲ್ಲಿ ಹೇಳಿ, ಕೈಯಲ್ಲಿ ರೋಲು ಕೆಡಿಸಿ ಕಳಿಸಿದ್ದಾರೆ. ನಾಲ್ಕು ವರ್ಷ ನಿಮ್ಮ ಮನೆಗೆ ಬಂದಿದ್ದೇನೆ. ಊರಲ್ಲಿ ಗೊತ್ತಾದರೆ ನಮ್ಮಪ್ಪ ಚರ್ಮ ಸುಲಿಯುತ್ತಾನೆಂದು ತಿಳಿದೂ ನಿಮ್ಮ ಮನೆಯ ಚಹಾ ಕುಡಿದಿದ್ದೇನೆ. "ಸಕ್ರಿ ಸಾಲತೈತೇನೋ ಯಪ್ಪಾ?" ಎಂಬ ದನಿ ಪರದೆಯ ಆಚೆಯಿಂದ ಕೇಳಿದ್ದೇನೆ, ಮುಖ ಹೇಗಿದೆಯೆಂದು ಈವರೆಗೂ ಗೊತ್ತಿಲ್ಲ. ಮಗನಂಥವನು ಎಂದು ಕರೆಯುವುದು, ಪರದೆ ಮಾತ್ರ ಇಳಿಬಿಡುವುದು. ನನಗೆ ಸಾಕಾಗಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಎರಡು ರೋಲು ಹೋದವು, ಮೂರನೆಯದು ನನ್ನದು. ನೀವು ಬೇರೆ ದಾರಿ ನೋಡಿಕೊಳ್ಳಿ.

ಗುರಲಿಂಗ


ತಿಕೋಟಾ
೨೪ ಜನವರಿ ೧೯೪೭

ಗುರಲಿಂಗಪ್ಪನವರಿಗೆ,

ನಿಮ್ಮ ಕ್ಯಾಮೆರಾ ಗೈಬುಸಾಬನ ಕೈಯಲ್ಲಿ ಕಳಿಸಿದ್ದೇನೆ. ಒರೆಸಿ, ಅರಿವೆಯಲ್ಲಿ ಸುತ್ತಿ ಕಳಿಸಿದ್ದೇನೆ, ನೋಡಿಕೊಳ್ಳಿ.

ನಮ್ಮ ಮನೆಯ ಪರದೆಯ ಬಗ್ಗೆ ಬರೆದಿದ್ದೀರಿ. ಇರಲಿ. ಬಬಲೇಶ್ವರದ ನಿಮ್ಮ ಮನೆಗೆ ನಾನೂ ಬಂದಿದ್ದೇನೆ. ನಿಮ್ಮ ಅವ್ವ ಅಕ್ಕನಾಗಮ್ಮ ಒಳ್ಳೆಯವರು. ಬಾಗಿಲ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದರು, ಎಲೆಯಲ್ಲಿ ರೊಟ್ಟಿ, ಎಣ್ಣೆಗಾಯಿ, ಮೊಸರು ಬಡಿಸಿದರು. "ಹೊಟ್ಟಿ ತುಂಬ ಉಣ್ಣೋ ತಮ್ಮಾ" ಎಂದರು. ನೀರನ್ನು ಮೇಲಿನಿಂದ ಬೊಗಸೆಗೆ ಹುಯ್ದರು. ನೀವು ಒಳಗೆ ತಾಟಿನಲ್ಲಿ ಉಂಡಿರಿ. ಉಂಡ ಎಲೆ ನಾನೇ ಎತ್ತಿಕೊಂಡು ಹೋಗಿ ತಿಪ್ಪೆಗೆ ಹಾಕಿದೆ. ಒಂದು ಸಲ ಅಲ್ಲ, ಮೂರು ಸಲ. ಈ ವಿಷಯವಾಗಿ ನಾನು ನಿಮಗೆ ಯಾವತ್ತೂ ಪತ್ರ ಬರೆದಿಲ್ಲ.

ನನ್ನ ತಾಯಿ ರೋಲು ಬಿಚ್ಚಿರಬಹುದು, ಬಿಚ್ಚಿರಲಿಕ್ಕಿಲ್ಲ. ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ರಸೂಲಸಾಬ


ತಿಕೋಟಾ
೧೦ ಫೆಬ್ರುವರಿ ೧೯೪೭

ಗುರಲಿಂಗಣ್ಣನವರಿಗೆ ಜುಲೇಖಾಳ ಸಲಾಮುಗಳು.

ನಾನು ಬರೆಯುತ್ತಿರುವುದು ಅಣ್ಣನಿಗೆ ಗೊತ್ತಿಲ್ಲ. ನಮ್ಮ ಓಣಿಯ ಬೋರವ್ವಾಯಿಯ ಕೈಯಲ್ಲಿ ಟಪಾಲಿಗೆ ಹಾಕಿಸಿದ್ದೇನೆ. ನಿಮ್ಮ ಪತ್ರಗಳನ್ನೆಲ್ಲ ನಾನು ಓದಿದ್ದೇನೆ, ಬಾಗಿಲಿಗೆ ಸೀಟು ಕೊಡಿಸುವ ಪತ್ರವನ್ನೂ ಓದಿದ್ದೇನೆ.

ಅಮ್ಮ ರೋಲು ಬಿಚ್ಚಿದ್ದು ನಿಜ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಧಾರವಾಡಕ್ಕೆ ಹೋಗುವ ಫೋಟೋ, ಸೆರಗು ತಲೆಯ ಮೇಲೆ ಸರಿಯಾಗಿದೆಯೋ ಇಲ್ಲವೋ ತಾನೊಮ್ಮೆ ನೋಡಬೇಕೆಂದು ಅಂಗಳದಲ್ಲಿ ಬಿಚ್ಚಿದಳಂತೆ. ಏನೂ ಕಾಣಲಿಲ್ಲ, ಬರೀ ಬೂದಿ ಬಣ್ಣದ ಪಟ್ಟಿ. ತಾನು ಆಡಿದ ಮಾತಿಗೇ ಫೋಟೋ ಬಂದಿಲ್ಲ ಎಂದು ಹೆದರಿ, ಹೇಗಿತ್ತೋ ಹಾಗೆ ಸುತ್ತಿ ಅಂಟು ಹಚ್ಚಿದಳು. ನಿಮ್ಮ ಮೇಲಿನ ಅಪನಂಬಿಕೆಯಿಂದ ಮಾಡಿದ್ದಲ್ಲ. ಬೆಳಕಿಗೆ ಕೆಡುತ್ತದೆ ಎಂದು ನಿಮ್ಮ ಯಾವ ಪತ್ರದಲ್ಲೂ ಬರೆದಿರಲಿಲ್ಲ. ನಾನು ಎರಡು ಸಲ ಹುಡುಕಿದೆ.

ಈಗ ಹದಿನೆಂಟು ದಿನ ಉಳಿದಿವೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಎರಡು ವರ್ಷ ಅಡುಗೆಮನೆಯಲ್ಲಿ ಕೂತಿದ್ದೇನೆ. ಈ ವರ್ಷ ಹೋಗದಿದ್ದರೆ ಮುಂದಿನ ವರ್ಷ ಅಥಣಿಯ ನಮ್ಮ ಸಂಬಂಧಿಕರ ಮನೆಗೆ ಸೊಸೆಯಾಗಿ ಹೋಗುತ್ತೇನೆ, ಮಾತು ಆಗಲೇ ನಡೆದಿದೆ. ನಿಮ್ಮ ಹತ್ತಿರ ಒಂದು ರೋಲು ಇದೆ. ಅದು ಯಾತಕ್ಕೆಂದೂ ನನಗೆ ಗೊತ್ತು. ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ.

ತೊಳೆಯುವುದು ಹೇಗೆಂದೂ ಬರೆಯಿರಿ. ನಾನೇ ತೊಳೆಯುತ್ತೇನೆ. ಲಡಾಯಿಯಲ್ಲಿ ಸೀಮೆಎಣ್ಣೆ ಸಿಗದಾಗ ಕತ್ತಲೆಯಲ್ಲೇ ಅಡುಗೆ ಮಾಡಿ ಬಡಿಸಿದವಳು ನಾನು.

ನಿಮ್ಮ ತಂಗಿ,
ಜುಲೇಖಾ


ವಿಜಾಪುರ
೧೩ ಫೆಬ್ರುವರಿ ೧೯೪೭

ರಸೂಲಾ,

ಇದನ್ನು ಓದದೆ ಹರಿಯಬೇಡ. ಹರಿಯುವುದಿದ್ದರೆ ಮೊದಲು ಜುಲೇಖಾಳಿಗೆ ಓದಲು ಕೊಟ್ಟು ಆಮೇಲೆ ಹರಿ.

ನೀನು ಬರೆದ ಕಟ್ಟೆಯ ಮಾತು ನಿಜ. ಮೂರು ವಾರದಿಂದ ಆ ಪತ್ರವನ್ನೇ ತಿರುತಿರುಗಿ ಓದುತ್ತಿದ್ದೇನೆ. ಆ ಮೂರು ಸಲವೂ ನಾನು ಒಳಗೆ ಉಣ್ಣುತ್ತಿದ್ದೆ ಎಂಬುದು ನೀನು ಬರೆಯುವವರೆಗೆ ನನ್ನ ತಲೆಗೇ ಬಂದಿರಲಿಲ್ಲ. ಅದೇ ನನಗೆ ಹೆಚ್ಚು ನಾಚಿಕೆ. ಅಮ್ಮನ ಮೇಲೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬೆಳಕಿನ ಮಾತು ಹೇಳದೆ ಇದ್ದವನು ನಾನು, ಕೂಗಾಡಿದವನೂ ನಾನು.

ಕ್ಯಾಮೆರಾ, ಕೊನೆಯ ರೋಲು, ತೊಳೆಯುವ ಪುಡಿಯ ಎರಡು ಪೊಟ್ಟಣ, ಕೆಂಪು ಕಾಗದ, ಫೋಟೋ ಮೂಡಿಸುವ ಕಾಗದ ಎಲ್ಲ ಕಳಿಸಿದ್ದೇನೆ. ತೊಳೆಯುವವರು ಓದಿಕೊಳ್ಳಲಿ:

ಮೂರು ತಾಟು ಇಡಬೇಕು. ಒಂದನೆಯ ಪೊಟ್ಟಣದ ನೀರು, ಬರೀ ನೀರು, ಎರಡನೆಯ ಪೊಟ್ಟಣದ ನೀರು, ಇದೇ ಸಾಲಿನಲ್ಲಿ. ಕೋಣೆಯಲ್ಲಿ ಸೂಜಿಮೊನೆಯಷ್ಟೂ ಬೆಳಕು ಇರಬಾರದು, ಕೆಂಪು ಕಾಗದ ಸುತ್ತಿದ ಕಂದೀಲು ಮಾತ್ರ, ಅದೂ ದೂರ. ಆಮೇಲೆಯೇ ರೋಲು ಬಿಚ್ಚಬೇಕು. ಫಿಲ್ಮಿನ ಎರಡೂ ತುದಿ ಹಿಡಿದು, ಮೊದಲ ತಾಟಿನಲ್ಲಿ ಒಂದು ಕೈ ಮೇಲೆ, ಒಂದು ಕೈ ಕೆಳಗೆ ಮಾಡುತ್ತ ಅದ್ದಿ ಎಳೆಯಬೇಕು. ಸೀರೆ ಜಾಲಿಸುವ ಹಾಗೆ, ಆದರೆ ನಿಧಾನ. ಮುಖ ಮೂಡುತ್ತದೆ. ಮೂಡಿತೆಂದು ಹಿಗ್ಗಿ ನಿಲ್ಲಿಸಬಾರದು, ಇನ್ನೂ ಕಪ್ಪಾಗಲು ಬಿಡಬೇಕು. ನಾನು ಪ್ರತಿ ಸಲ ಇಲ್ಲೇ ಅವಸರ ಮಾಡಿ ಕೆಡಿಸುವುದು. ಆಮೇಲೆ ನೀರು, ಆಮೇಲೆ ಮೂರನೆಯ ತಾಟು. ಅದರಲ್ಲಿ ಹತ್ತು ನಿಮಿಷ ಆಗುವವರೆಗೆ ಮಾಬುಬಿಯಮ್ಮ ಬಾಗಿಲು ಬಡಿದರೂ ತೆಗೆಯಬಾರದು.

ಪ್ರದರ್ಶನದ ವಿಷಯ ಕೇಳಬೇಡ.

ಗುರಲಿಂಗ


ತಿಕೋಟಾ
೨೫ ಫೆಬ್ರುವರಿ ೧೯೪೭

ಗುರಲಿಂಗಾ,

ಅರ್ಜಿ ನಿನ್ನೆ ರಿಜಿಸ್ಟರ್ ಟಪಾಲಿನಲ್ಲಿ ಹೋಯಿತು.

ಶುಕ್ರವಾರ ಮತ್ತೆ ಹೊಟ್ಟೆನೋವೆಂದು ಹೇಳಲು ಅಮ್ಮ ಬಿಡಲಿಲ್ಲ. "ನೀ ನಮಾಜಿಗಿ ನಡಿ. ಆ ಡಬ್ಬಿ ನನ್ನ ಕೈಯಾಗ ಕೊಡು" ಎಂದಳು. ನಾನು ನಕ್ಕೆ, ನಗಬಾರದಿತ್ತು. ಮಸೀದಿಯಿಂದ ಬರುವಷ್ಟರಲ್ಲಿ ಆರು ಫೋಟೋ ತೆಗೆದು, ಇನ್ನೆರಡು ಉಳಿಸಿ, ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. "ಉಸಿರು ಹಿಡಿ ಅಂತ ಬರದಾನಲ್ಲ, ಹಿಡದೇನಿ" ಎಂದಳು.

ತೊಳೆದದ್ದು ಜುಲೇಖಾ, ಕಾಳಿನ ಕೋಣೆಯಲ್ಲಿ. ನನ್ನನ್ನೂ ಒಳಗೆ ಬಿಡಲಿಲ್ಲ. ಅಮ್ಮನ ಆರರಲ್ಲಿ ನಾಲ್ಕು ಬಂದಿವೆ. ಅದರಲ್ಲಿ ಒಂದು, ನಾನು ಅಣ್ಣ ಎಂದು ಹೇಳುವುದಲ್ಲ, ಬಹಳ ಚೆನ್ನಾಗಿ ಬಂದಿದೆ. ನೀನು ನೋಡಬೇಕಿತ್ತು ಎಂದು ಬರೆಯಲು ಹೊರಟು ತಡೆದೆ. ಅಮ್ಮ ಒಪ್ಪಲಿಲ್ಲ. ನಾನು ಕೇಳಲಿಲ್ಲ ಎಂದುಕೊಳ್ಳಬೇಡ, ಕೇಳಿದೆ.

ನಿನ್ನ,
ರಸೂಲ


ವಿಜಾಪುರ
೫ ಮಾರ್ಚ್ ೧೯೪೭

ರಸೂಲಾ,

ಅರ್ಜಿ ಹೋಯಿತಲ್ಲ, ಸಾಕು. ಸಾಕು ಎಂದು ಬರೆದೆನೇ ಹೊರತು ಸಾಕೆನಿಸಿಲ್ಲ, ಖರೆ ಹೇಳುತ್ತೇನೆ. ಗ್ಯಾದರಿಂಗಿನಲ್ಲಿ ಗೋಡೆಯ ಮೇಲೆ ಹನ್ನೊಂದು ಗುಮ್ಮಟ ತೂಗುಹಾಕಿದ್ದರು. ಶಿವಯೋಗೆಪ್ಪ ಎಲ್ಲರೆದುರು, "ನಮ್ಮ ಕ್ಯಾಮೆರಾ ಸಾಹೇಬ್ರದು ಎಲ್ಲೈತ್ರಿ?" ಎಂದು ಕೇಳಿದ. ತಿಕೋಟಾದಲ್ಲಿದೆ ಎಂದೆ. ನಕ್ಕರು.

ಮೂರು ರೋಲು, ನಾಲ್ಕು ತಿಂಗಳು, ನನ್ನ ಕೈಗೆ ಒಂದು ಫೋಟೋ ಇಲ್ಲ. ಜುಲೇಖಾಳ ಫೋಟೋ ನಾನು ನೋಡುವುದು ಬೇಡ, ಒಪ್ಪಿದೆ. ಆದರೆ ನಾನು ಬರೆದು ಕಲಿಸಿದ್ದು ಸರಿಯಾಯಿತೋ ಇಲ್ಲವೋ ಎಂದು ನನಗೆ ಹೇಗೆ ಗೊತ್ತಾಗಬೇಕು? ಪರೀಕ್ಷೆ ಬರೆಸಿ ಪೇಪರು ನೋಡಗೊಡದಿದ್ದರೆ ಮಾಸ್ತರನ ಗತಿಯೇನು? ಬೆಳಕು ಯಾವ ಕಡೆಯಿಂದ ಬಿದ್ದಿತ್ತು? ನೆರಳು ಕಣ್ಣ ಮೇಲಿತ್ತೋ? ಇಷ್ಟಾದರೂ ಬರೆ.

ಗುರಲಿಂಗ


ತಿಕೋಟಾ
೧೨ ಜೂನ್ ೧೯೪೭

ಗೆಳೆಯ ಗುರಲಿಂಗನಿಗೆ,

ಮೂರು ತಿಂಗಳು ಬರೆಯಲಿಲ್ಲ. ಧಾರವಾಡದಿಂದ ಉತ್ತರ ಬರುವವರೆಗೆ ಏನು ಬರೆದರೂ ಸುಳ್ಳಾಗುತ್ತದೆಂದು ಕಾಯುತ್ತಿದ್ದೆ. ಸೀಟು ಸಿಕ್ಕಿದೆ. ಸೋಮವಾರ ಜುಲೇಖಾಳನ್ನು ಬಿಟ್ಟು ಬಂದೆ. ಅಥಣಿಯವರಿಗೆ ಎರಡು ವರ್ಷ ತಡೆಯಲು ಹೇಳಿದ್ದೇವೆ. ತಡೆಯುತ್ತಾರೋ ಇಲ್ಲವೋ ಅವರಿಷ್ಟ.

ಹೊರಡುವುದಕ್ಕೆ ತಿಂಗಳು ಮೊದಲೇ ತಂಗಿ ನಿನ್ನ ಮಾರ್ಚಿನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದಳು, ಮಾಸ್ತರನ ಗತಿಯೇನು ಎಂಬಲ್ಲಿಯವರೆಗೆ. ಅಮ್ಮ ಒಲೆ ಬಿಟ್ಟು ಎದ್ದಳು. ಆಮೇಲೆ ತಾನೇ ಅಂಗಳಕ್ಕೆ ಹೋಗಿ ಬಿಸಿಲಲ್ಲಿ ಕೂತು, "ಎರಡ ಉಳಿಸೇವಲ್ಲ, ತಗಿ ನನ್ನದು" ಎಂದಳಂತೆ. ಜುಲೇಖಾ ಗಾಬರಿಯಾಗಿ, ಆ ಎರಡರಲ್ಲಿ, ತೊಳೆಯುವ ಮೊದಲೇ, ತಾನು ಗೋಡೆಯನ್ನೂ ಆಡನ್ನೂ ತೆಗೆದು ಮುಗಿಸಿದ್ದೇನೆಂದು ಅತ್ತುಬಿಟ್ಟಳು. ಮತ್ತೆ ನಾನು ಸೊಲ್ಲಾಪುರಕ್ಕೆ ಬಟ್ಟೆ ತರಲು ಹೋದಾಗ ಮೂರು ಅಂಗಡಿ ತಿರುಗಿ ಎರಡು ರೋಲು, ತೊಳೆಯುವ ಪುಡಿ ತಂದೆ. ತೆಗೆದದ್ದು, ತೊಳೆದದ್ದು, ಮೂಡಿಸಿದ್ದು ಎಲ್ಲ ಜುಲೇಖಾ. ಒಂದೇ ಒಂದು ಪ್ರತಿ, ಇದರೊಳಗಿದೆ. ಕ್ಯಾಮೆರಾವನ್ನೂ ಗೈಬುಸಾಬನಿಗೆ ಕೊಟ್ಟಿದ್ದೇನೆ. ಒಳಗೆ ಎರಡನೆಯ ರೋಲು ಹಾಗೆಯೇ ಇದೆ, ಎಂಟೂ ನಿನ್ನವು.

ಅಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಮಗಳದು ತೋರ್ಸಾಕ ಆಗೂದಿಲ್ಲಪ್ಪಾ, ತಪ್ಪು ತಿಳೀಬ್ಯಾಡ. ನಾ ಮುದುಕಿ ಆಗೇನಿ, ನಂದು ನೋಡಲಿ. ಅಂವಾ ಕಲಿಸಿದ್ದು ಬರೋಬರಿ ಆಗೇತೋ ಇಲ್ಲೋ ಗೊತ್ತಾಗಲಿ."

ನಿನ್ನ,
ರಸೂಲ


ಬಬಲೇಶ್ವರ
೨೦ ಜೂನ್ ೧೯೪೭

ರಸೂಲಾ,

ರಜೆಗೆ ಊರಿಗೆ ಬಂದಿದ್ದೇನೆ. ನಿನ್ನ ಲಕೋಟೆ ವಿಜಾಪುರ ಸುತ್ತಿ ಇಲ್ಲಿಗೆ ಬಂತು.

ನಾಲ್ಕು ವರ್ಷ ಆ ದನಿ ಕೇಳಿ ಕೇಳಿ ನಾನು ಎತ್ತರದ, ದಪ್ಪನೆಯ ಹೆಂಗಸೊಬ್ಬಳನ್ನು ಮನಸ್ಸಿನಲ್ಲಿ ಮಾಡಿಕೊಂಡಿದ್ದೆ. ಇವರು ಇಷ್ಟು ಸಣ್ಣಗಿದ್ದಾರೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾರೆ. ಬಾಯಿ ಅರ್ಧ ತೆರೆದಿದೆ, ಫೋಟೋ ತೆಗೆಯುವವಳಿಗೆ ಏನೋ ಹೇಳುತ್ತಿರಬೇಕು. ಜುಲೇಖಾಳಿಗೆ ಬರೆ: ನೆರಳು ಸರಿಯಾಗಿ ಬಿದ್ದಿದೆ, ಕೈ ಒಂದಿಷ್ಟೂ ಅಲುಗಾಡಿಲ್ಲ, ತೊಳೆದದ್ದು ನನ್ನ ತೊಳೆತಕ್ಕಿಂತ ಚೊಕ್ಕವಾಗಿದೆ.

ಅವ್ವನಿಗೆ ತೋರಿಸಿದೆ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ಪರದೇದಾಗಿನ ಹೆಣ್ಮಗಳು ನಿನಗ ಮಾರಿ ಕಳಸ್ಯಾಳೇನೋ?" ಎಂದಳು. ಹೌದು ಎಂದೆ. "ಗುರುವಾರ ರಸೂಲನ್ನ ಕರೀತೇನಿ. ಒಳಗ ನನ್ನ ಬಾಜೂಕ ಕುಂತು ಉಣ್ಣತಾನ" ಎಂದೆ. ಫೋಟೋ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಎರಡು ದಿನವಾಯಿತು, ಉಳಿದೆಲ್ಲ ಮಾತಿಗೆ ಉತ್ತರ ಕೊಡುತ್ತಾಳೆ, ಅದೊಂದಕ್ಕೆ ಕೊಡುವುದಿಲ್ಲ. ಬಹಳ ಕಾಡಿದರೆ "ನಿಮ್ಮಪ್ಪನ್ನ ಕೇಳು" ಎನ್ನುತ್ತಾಳೆ. ಅಪ್ಪನನ್ನು ಕೇಳಿದೆ. ಆತ ಬೈಯಲಿಲ್ಲ, ಎದ್ದು ಹೊಲಕ್ಕೆ ಹೋದ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ನಿನ್ನ ತಾಯಿ ಒಂದು ಪತ್ರಕ್ಕೆ ಅಂಗಳಕ್ಕೆ ಬಂದು ಕೂತರು. ನಾನು ಇವರಿಬ್ಬರ ಮುಂದೆ ಎರಡು ದಿನದಿಂದ ನಿಂತಿದ್ದೇನೆ, ಒಂದು ಹೆಜ್ಜೆ ಮುಂದೆ ಹೋಗಿಲ್ಲ.

ಆದರೂ ನೀನು ಗುರುವಾರ ಬಾ. ಒಳಗೆ ಎರಡು ತಾಟು ಇಟ್ಟರೆ ಇಬ್ಬರೂ ಒಳಗೆ ಉಣ್ಣೋಣ. ಇಡದಿದ್ದರೆ ಕಟ್ಟೆಯ ಮೇಲೆ ಇಬ್ಬರಿಗೂ ಎಲೆ. ಎರಡೂ ಎಲೆ ನಾನು ಎತ್ತುತ್ತೇನೆ.

ನಿನ್ನ,
ಗುರಲಿಂಗ